ಗಣಿತ ತಪ್ಪಿಸಿಕೊಳ್ಳಲು ಭೂಗೋಳ ತೆಗೆದುಕೊಳ್ಳಬೇಡಿ

ಗಣಿತ ಕಷ್ಟ, ಭೂಗೋಳ ಇಷ್ಟ, ಹಾಗಾಗಿ ಗಣಿತ ಬಿಟ್ಟು ಭೂಗೋಳ ಓದಬಹುದಾ, ಮೇಷ್ಟ್ರ ಕೆಲಸ ಬಿಟ್ಟರೆ ಬೇರೆ ಏನಾದರೂ ಸಿಗುತ್ತಾ ಅಂತ ಕೇಳಿದ್ದೀರಿ. ಹದಿನಾರನೇ ವಯಸ್ಸಿನಲ್ಲಿ ನಾನೂ ಇದನ್ನೇ ಯೋಚಿಸಿದ್ದೆ. ಗಣಿತ ಬಿಟ್ಟೂಬಿಟ್ಟೆ.

ಭೂಗೋಳದಲ್ಲಿ ನನಗೆ ಯಾವಾಗಲೂ ಒಳ್ಳೆಯ ಅಂಕ ಬರುತ್ತಿತ್ತು. ನದಿ, ಮಾರುತ, ಮಣ್ಣಿನ ಬಗೆ, ಎಲ್ಲ ಬಾಯಿಪಾಠ. ನಕ್ಷೆ ತುಂಬುವ ಪ್ರಶ್ನೆ ಬಂದರಂತೂ ಹಬ್ಬ. ಆದರೆ ಪ್ರಾಯೋಗಿಕದಲ್ಲಿ ನಕ್ಷಾ ಪ್ರಕ್ಷೇಪ, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಬಿಡಿಸುವ ಪ್ರೊಜೆಕ್ಷನ್ ಪಾಠ ಬಂದಾಗ ಹಿಂದೆ ಸರಿದೆ. ಅಲ್ಲಿ ಕೋನ ಇತ್ತು, ಸೈನ್ ಕಾಸ್ ಇತ್ತು. ಅಂಕವೂ ಕಡಿಮೆ. ಗೆಳೆಯನ ರೆಕಾರ್ಡ್ ನೋಡಿಕೊಂಡು ಗೆರೆ ಎಳೆದು ಸಹಿ ಹಾಕಿಸಿದೆ. ನಾನು ಮಾಡಿದ ತಪ್ಪು ಇಷ್ಟೇ. ಅದರ ಬೆಲೆ ಗೊತ್ತಾಗಲು ಎಂಟು ವರ್ಷ ಬೇಕಾಯಿತು.

ಪದವಿ ಮುಗಿಸಿ, ಸಾಫ್ಟ್‌ವೇರ್ ಕಲಿತು, ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಅಳೆಯುವ ಕೆಲಸಕ್ಕೆ ಸೇರಿದೆ. ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ. ಕೊಟ್ಟ ಕೆಲಸ ಸುಲಭದ್ದೇ. ಉತ್ತರದ 60 ಡಿಗ್ರಿ ಅಕ್ಷಾಂಶದ ಹತ್ತಿರ ಸುಟ್ಟುಹೋದ ಒಂದು ಕಾಡು. ಉಪಗ್ರಹ ಚಿತ್ರದ ಮೇಲೆ ಅದರ ಗಡಿ ಗುರುತಿಸಿ, ಎಷ್ಟು ಹೆಕ್ಟೇರ್ ಅಂತ ಹೇಳಬೇಕು. ಅದರ ಮೇಲೆ ಎಷ್ಟು ಸಸಿ ಬೇಕು ಅಂತ ತೀರ್ಮಾನ ಆಗುತ್ತದೆ. ಗಡಿಯನ್ನು ತುಂಬಾ ಅಚ್ಚುಕಟ್ಟಾಗಿ ಎಳೆದೆ. ವಿಸ್ತೀರ್ಣ ತೆಗೆದೆ. 1,600 ಹೆಕ್ಟೇರ್ ಅಂತ ಬಂತು. ವರದಿ ಕಳಿಸಿದೆ.

ನಿಜವಾಗಿ ಅದು ಸುಮಾರು 400 ಹೆಕ್ಟೇರ್.

ಯಾಕೆ ಹೀಗಾಯಿತು ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಸಮಭಾಜಕ ವೃತ್ತದಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 111 ಕಿಲೋಮೀಟರ್. ಧ್ರುವದ ಕಡೆ ಹೋದಂತೆ ರೇಖಾಂಶಗಳು ಹತ್ತಿರ ಬರುತ್ತವೆ. 60 ಡಿಗ್ರಿಯಲ್ಲಿ ಆ ದೂರ ಅರ್ಧ ಆಗುತ್ತದೆ, ಯಾಕೆಂದರೆ ಕಾಸ್ 60 ಅಂದರೆ ಅರ್ಧ. ನಾನು ಅಳೆದದ್ದು ವೆಬ್ ನಕ್ಷೆಗಳು ಬಳಸುವ ಮರ್ಕೇಟರ್ ಪ್ರೊಜೆಕ್ಷನ್‌ನಲ್ಲಿ. ಅದು ಎಲ್ಲ ರೇಖಾಂಶಗಳನ್ನೂ ಸಮಾನಾಂತರವಾಗಿ ನಿಲ್ಲಿಸುತ್ತದೆ. ಹಾಗಾಗಿ 60 ಡಿಗ್ರಿಯಲ್ಲಿ ಅಗಲ ಎರಡರಷ್ಟು ಹಿಗ್ಗುತ್ತದೆ. ಆಕಾರ ಕೆಡಬಾರದು ಅಂತ ಉದ್ದವನ್ನೂ ಅಷ್ಟೇ ಹಿಗ್ಗಿಸುತ್ತದೆ. ಎರಡು ಎರಡಲ ನಾಲ್ಕು. ನಕ್ಷೆಯದ್ದೇನೂ ತಪ್ಪಿಲ್ಲ. 1569ರಲ್ಲಿ ಮರ್ಕೇಟರ್ ಎಂಬ ನಕ್ಷೆಗಾರ ಅದನ್ನು ಮಾಡಿದ್ದು ನಾವಿಕರಿಗಾಗಿ, ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಸಾಗುವ ದಾರಿ ನೇರ ಗೆರೆಯಾಗಿ ಕಾಣಲಿ ಅಂತ. ಹೊಲ ಅಳೆಯಲು ಅಲ್ಲ. ಸಾಫ್ಟ್‌ವೇರ್‌ನಲ್ಲಿ ಭೂಮಿಯ ದುಂಡು ಆಕಾರ ಲೆಕ್ಕಕ್ಕೆ ತಗೊಂಡು ಅಳೆಯುವ ಆಯ್ಕೆಯೂ ಇತ್ತು. ಎರಡು ಆಯ್ಕೆ ಯಾಕಿವೆ ಅಂತಲೇ ನಾನು ಕೇಳಿಕೊಳ್ಳಲಿಲ್ಲ.

ನನಗೆ ಇವತ್ತಿಗೂ ನೋವಾಗುವುದು ಬೇರೆ ಕಾರಣಕ್ಕೆ. ಈ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ, ನಿಜವಾಗಿ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು ಅಂತ ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು. ಗ್ರೀನ್‌ಲ್ಯಾಂಡಿಗೆ ಆದದ್ದೇ ನನ್ನ ಕಾಡಿಗೂ ಆಗುತ್ತದೆ ಅಂತ ಹೊಳೆಯಲೇ ಇಲ್ಲ. ವಾಕ್ಯ ಗೊತ್ತಿತ್ತು, ಅದರೊಳಗಿನ ಲೆಕ್ಕ ಗೊತ್ತಿರಲಿಲ್ಲ.

ಆರು ತಿಂಗಳು ಮುಗಿದ ದಿನ ಕೆಲಸವೂ ಮುಗಿಯಿತು. ಆಮೇಲೆ ಒಂದು ವರ್ಷ ಕೂತು ತ್ರಿಕೋನಮಿತಿ, ಸಂಖ್ಯಾಶಾಸ್ತ್ರ ಎರಡನ್ನೂ ಮೊದಲಿಂದ ಓದಿದೆ. ನಿಜ ಹೇಳಬೇಕೆಂದರೆ, ನೆಲದ ಮೇಲಿನ ಒಂದು ಪ್ರಶ್ನೆ ಎದುರಿಗಿದ್ದಾಗ ಆ ಗಣಿತ ಅಷ್ಟೇನೂ ಕಷ್ಟ ಅನ್ನಿಸಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನ್ನಿಸುತ್ತದೆ. ಭೂಗೋಳವಾ ಗಣಿತವಾ ಅಂತ ಆರಿಸಬೇಡಿ. ಭೂಗೋಳ ಖಂಡಿತ ತೆಗೆದುಕೊಳ್ಳಿ, ಜೊತೆಗೆ ಗಣಿತವನ್ನೂ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಓದಲು ಬಿಡದಿದ್ದರೆ ಸಂಖ್ಯಾಶಾಸ್ತ್ರವನ್ನಾದರೂ ಹೊರಗಿನಿಂದ ಕಲಿಯಿರಿ. ಕೆಲಸದ ಚಿಂತೆ ಬೇಡ. ‘ಭೂಗೋಳ’ ಅಂತ ಹೆಸರಿರುವ ಹುದ್ದೆ ಹುಡುಕಿದರೆ ಸಿಗುವುದು ಕಡಿಮೆ, ಅದಕ್ಕೇ ಜನ ಮೇಷ್ಟ್ರ ಕೆಲಸ ಒಂದೇ ಅಂದುಕೊಳ್ಳುತ್ತಾರೆ. ನಗರ ಯೋಜನೆ, ಅಂತರ್ಜಲ, ವಿಮೆ, ಬೆಳೆ ಅಂದಾಜು, ಮೊಬೈಲ್ ಟವರ್ ಎಲ್ಲಿ ನಿಲ್ಲಿಸಬೇಕು ಅನ್ನುವುದು, ಎಲ್ಲದರಲ್ಲೂ ಭೂಗೋಳದವರು ಬೇರೆ ಹೆಸರಿನಲ್ಲಿ ಕೂತಿರುತ್ತಾರೆ. ನಾನೀಗ ಪ್ರವಾಹದ ನಕ್ಷೆ ಮಾಡುತ್ತೇನೆ. ನದಿ ಒಂದು ಮೀಟರ್ ಏರಿದರೆ ಯಾವ ಮನೆಗೆ ನೀರು ನುಗ್ಗುತ್ತದೆ ಅಂತ ಹೇಳುವುದು ನನ್ನ ಕೆಲಸ. ಶಾಲೆಯಲ್ಲಿ ಬಿಡಿಸಿದ ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಇಲ್ಲಿ ದಿನಾ ಬೇಕು.

ನಿಮಗೆ ಇದು ಒಗ್ಗುತ್ತದಾ ಅಂತ ಈ ವಾರವೇ ನೋಡಬಹುದು. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ, 2008ರಿಂದ ಅವು ಎಲ್ಲರಿಗೂ ಉಚಿತ. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಕೂಡ ಉಚಿತ. ನಿಮಗೆ ಗೊತ್ತಿರುವ ಒಂದು ದೊಡ್ಡ ಕೆರೆಯ ಚಿತ್ರ ತಗೊಳ್ಳಿ, ಹತ್ತು ವರ್ಷದ ಹಿಂದಿನದೊಂದು, ಈಗಿನದೊಂದು. ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, ಅಂದರೆ 900 ಚದರ ಮೀಟರ್. ನೀರಿರುವ ಚುಕ್ಕಿ ಎಣಿಸಿ, ಗುಣಿಸಿ. ಆಮೇಲೆ ಗಡಿ ಎಳೆದು ಸಾಫ್ಟ್‌ವೇರ್‌ನಲ್ಲೂ ಅಳೆಯಿರಿ. ಎರಡೂ ಉತ್ತರ ಹತ್ತಿರ ಬರದಿದ್ದರೆ ಮೊದಲು ಪ್ರೊಜೆಕ್ಷನ್ ಯಾವುದು ಅಂತ ನೋಡಿ.