ಎರಡು ಸಾವಿರದ ಫೋನಿಗೆ ಏನಾಯಿತು?

ಪ್ರಶ್ನೆ: 2014ರಲ್ಲಿ ಎರಡು ಸಾವಿರ ರೂಪಾಯಿಗೆ ಒಂದು ಫೈರ್‌ಫಾಕ್ಸ್ ಫೋನ್ ಕೊಂಡಿದ್ದೆ. ಅದೀಗ ಕಪಾಟಿನಲ್ಲಿ ಬಿದ್ದಿದೆ. ಗೂಗಲ್, ಆಪಲ್ ಹಂಗಿಲ್ಲದೆ ಬರೀ ವೆಬ್ ಮೇಲೆ ನಡೆಯುವ ಫೋನಿಗೆ ಇನ್ನು ಕಾಲ ಬರುತ್ತದೆಯೇ? ಇಂಜಿನಿಯರಿಂಗ್ ಓದುತ್ತಿರುವ ಮಗಳು ಅದನ್ನೇ ಕಲಿಯುತ್ತೇನೆ ಅನ್ನುತ್ತಿದ್ದಾಳೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಕಾಗದ ಓದುತ್ತಿದ್ದಾಗಲೇ ಕೆಳಗಿನ ಹೋಟೆಲಿನ ಕುಂದಾಪುರ ಕಡೆಯ ಅಣ್ಣ ನಮ್ಮ ಮಾಟುಂಗಾ ಕಚೇರಿಗೆ ಚಹಾ ತಂದರು. ಅಂಗಿಯ ಜೇಬಿನಲ್ಲಿ ಜಿಯೋಫೋನ್. ಕೀಲಿಗಳ ಮೇಲಿನ ಅಂಕೆ ಅರ್ಧ ಅಳಿಸಿಹೋಗಿದೆ. "ಇದ್ರಲ್ಲಿ ವಾಟ್ಸಾಪ್ ಬತ್ತಿಲ್ಲ ಮಾರಾಯ್ರೆ" ಎಂದರು. ಅದು ನಿಮ್ಮ ಕಪಾಟಿನ ಫೋನಿನ ತಮ್ಮನೇ.

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು 2011ರಲ್ಲಿ ಈ ಫೋನಿನ ಕೆಲಸ ಶುರು ಮಾಡಿದರು. ತಳದಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ, ಅದರ ಮೇಲೆ ವೆಬ್ ಪುಟವನ್ನು ಓದಿ ಪರದೆಗೆ ತರುವ ಬ್ರೌಸರಿನ ಎಂಜಿನ್, ಅಷ್ಟೇ. ನಂಬರ್ ಒತ್ತುವ ಪರದೆಯೂ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಒಂದು ವೆಬ್ ಪುಟ! 2013ರಲ್ಲಿ ಸ್ಪೇನ್‌ನಲ್ಲಿ ಮಾರಾಟಕ್ಕೆ ಬಂತು. ಮರುವರ್ಷ ಇಲ್ಲಿ ಇಂಟೆಕ್ಸ್, ಸ್ಪೈಸ್ ಕಂಪನಿಗಳು ತಂದವು. ಇಂಟೆಕ್ಸ್ ಫೋನಿನ ಬೆಲೆ 1,999 ರೂಪಾಯಿ, ರ‍್ಯಾಮ್ 128 ಎಂಬಿ. ಅಷ್ಟು ಕಡಿಮೆ ರ‍್ಯಾಮ್‌ನಲ್ಲಿ ಬ್ರೌಸರ್ ಓಡಿಸುವುದೆಂದರೆ ಕಿಕ್ಕಿರಿದ ವಿರಾರ್ ಲೋಕಲ್ ರೈಲಿನಲ್ಲಿ ಕಾಲು ಚಾಚಿದ ಹಾಗೆ. ಜೊತೆಗೆ ಜನ ಮೊದಲು ಕೇಳುವ ವಾಟ್ಸಾಪ್ ಕಂಪನಿಯ ಕಡೆಯಿಂದ ಬರಲೇ ಇಲ್ಲ. 2015ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ ಕೈಬಿಟ್ಟಿತು.

ಆದರೆ ಕೋಡ್ ಮುಕ್ತವಾಗಿತ್ತಲ್ಲ, ಬೇರೆಯವರು ಎತ್ತಿಕೊಂಡು ಕೀಲಿ ಫೋನುಗಳನ್ನು ನಡೆಸುವ ಕೈ ಓಎಸ್ ಎಂಬ ತಂತ್ರಾಂಶ ಮಾಡಿದರು. 2017ರ ಜುಲೈಯಲ್ಲಿ ನಮ್ಮ ಮುಂಬಯಿಯಲ್ಲೇ ಅದರ ಮೇಲೆ ನಡೆಯುವ ಜಿಯೋಫೋನ್ ಘೋಷಣೆಯಾಯಿತು. 1,500 ರೂಪಾಯಿ ಠೇವಣಿ, ರ‍್ಯಾಮ್ 512 ಎಂಬಿ. ಮರುವರ್ಷ ವಾಟ್ಸಾಪ್ ಕೂಡ ಬಂತು. ಆಗ ಎಷ್ಟು ಮನೆಗೆ ಹೊಕ್ಕಿತು ಅಂತ ನಿಮಗೇ ಗೊತ್ತು. 2024ರಲ್ಲಿ ವಾಟ್ಸಾಪ್‌ನವರು ಕೈ ಓಎಸ್‌ಗೆ ಹೊಸದಾಗಿ ಕೊಡುವುದನ್ನು ನಿಲ್ಲಿಸಿದರು. ಅಣ್ಣನ ದೂರಿನ ಮೂಲ ಅದೇ. ವೆಬ್‌ನ ಮಾನದಂಡ ಎಲ್ಲರಿಗೂ ಮುಕ್ತ, ಆದರೆ ಗಿರಾಕಿ ಕೇಳುವ ತಿಂಡಿ ಬೇರೆಯವರ ಅಡುಗೆಮನೆಯಲ್ಲಿ.

ಇನ್ನೊಂದು ತೊಡಕಿದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಇಂಥ ಫೋನಿನಲ್ಲಿ ಬ್ರೌಸರಿನ ಎಂಜಿನ್ನೇ ಜೀವ. ಜಿಯೋಫೋನಿನಲ್ಲಿದ್ದದ್ದು 2016ರ ಫೈರ್‌ಫಾಕ್ಸ್ 48ರ ಎಂಜಿನ್. ವೆಬ್ ಮುಂದೆ ಹೋಯಿತು, ಎಂಜಿನ್ ಅಲ್ಲೇ ನಿಂತಿತು. ಹೊಸ ತಾಣಗಳು ಅದರಲ್ಲಿ ಅರ್ಧಂಬರ್ಧ ತೆರೆದುಕೊಳ್ಳುತ್ತವೆ, ಕೆಲವು ತೆರೆಯುವುದೇ ಇಲ್ಲ. ಕರೆ, ಎಸ್‌ಎಂಎಸ್‌ಗಾಗಿ ಮೊಜಿಲ್ಲಾ ಹೊಸೆದ ವೆಬ್ ಸೌಕರ್ಯಗಳನ್ನು ಉಳಿದ ಬ್ರೌಸರಿನವರು ಒಪ್ಪಿಕೊಳ್ಳಲೂ ಇಲ್ಲ. ಹಾಗಾಗಿ ಅದಕ್ಕೆಂದು ಬರೆದ ಆ್ಯಪ್ ಬೇರೆ ಕಡೆ ಓಡುತ್ತಿರಲಿಲ್ಲ. ಇನ್ನು ಮುಕ್ತ ಅಂದರೆ ಏನು, ಅಲ್ವಾ?

ಹಾಗಂತ ವೆಬ್ ಸೋತಿತು ಅನ್ನಬೇಡಿ. ನಮ್ಮ ಪತ್ರಿಕೆಗೂ ಒಂದು ಆ್ಯಪ್ ಇತ್ತು. ದುಡ್ಡು ಕೊಟ್ಟು ಮಾಡಿಸಿದ್ದು. ಹೊಸ ನಿಯಮಕ್ಕೆ ತಕ್ಕಂತೆ ಬದಲಿಸಿಲ್ಲ ಅಂತ ಆ್ಯಪ್ ಅಂಗಡಿಯವರು ತೆಗೆದುಹಾಕಿದರು. ಮಾಡಿಕೊಟ್ಟ ಹುಡುಗ ಅಷ್ಟರಲ್ಲಿ ಪುಣೆಗೆ ಹೋಗಿದ್ದ, ಫೋನ್ ಎತ್ತಲಿಲ್ಲ. ಈಗ ಇರುವುದು ವೆಬ್ ಪುಟ ಮಾತ್ರ. ಓದುಗರು ಅದನ್ನೇ ಫೋನಿನ ಮುಖಪರದೆಗೆ ಸೇರಿಸಿಕೊಳ್ಳುತ್ತಾರೆ. ಒಮ್ಮೆ ತೆರೆದ ಸಂಚಿಕೆಯನ್ನು ಲೋಕಲ್‌ನಲ್ಲಿ ಸಿಗ್ನಲ್ ಹೋದರೂ ಓದಬಹುದು. ಐಫೋನ್‌ನಲ್ಲಿ ಇಂಥ ಪುಟಗಳಿಗೆ ಸೂಚನೆ ಕಳಿಸುವ ಅನುಕೂಲ ಬಂದದ್ದು 2023ರಲ್ಲಿ. ಮರುವರ್ಷ ಆಪಲ್ ಯುರೋಪಿನಲ್ಲಿ ಮುಖಪರದೆಯ ಇಂಥ ವೆಬ್ ಆ್ಯಪ್‌ಗಳನ್ನು ತೆಗೆಯುತ್ತೇವೆ ಎಂದು ಹೊರಟು, ಗಲಾಟೆಯಾದ ಮೇಲೆ ಹಿಂದೆ ಸರಿಯಿತು. ತಮಾಷೆ ಏನೆಂದರೆ, 2007ರಲ್ಲಿ ಮೊದಲ ಐಫೋನ್ ಬಂದಾಗ ವೆಬ್ ಆ್ಯಪ್ ಬರೆಯಿರಿ ಎಂದು ಹೇಳಿದ್ದೂ ಅವರೇ.

ನನ್ನ ಅಂದಾಜು ಇಷ್ಟು. ಪೂರ್ತಿ ವೆಬ್ ಫೋನ್ ದೊಡ್ಡ ಮಟ್ಟದಲ್ಲಿ ಮತ್ತೆ ಬರುವುದು ಕಷ್ಟ. ಟಿವಿಯ ಮಾತು ಬೇರೆ. 2009ರಲ್ಲಿ ಪಾಮ್ ಕಂಪನಿಯ ಫೋನಿಗೆಂದು ಹುಟ್ಟಿದ, ವೆಬ್ ಮೇಲೆಯೇ ನಡೆಯುವ ವೆಬ್‌ಓಎಸ್ ಈಗ ಎಲ್‌ಜಿ ಟಿವಿಗಳಲ್ಲಿ ಸುಖವಾಗಿದೆ. ಮಗಳು ವೆಬ್ ಕಲಿಯಲಿ, ಧಾರಾಳವಾಗಿ. ಒಂದೇ ಫೋನಿಗೆ ಜೋತುಬೀಳುವುದು ಬೇಡ.

ಕಪಾಟಿನ ಫೋನ್ ಚಾರ್ಜ್ ಆಗುತ್ತದೆಯೇ ನೋಡಿ. ಚಾರ್ಜ್ ಆದರೆ ಅದರಲ್ಲಿ ನಮ್ಮ ಪುಟ ತೆರೆಯಲು ಮಗಳಿಗೆ ಹೇಳಿ. ಬಹುಶಃ ತೆರೆಯಲಿಕ್ಕಿಲ್ಲ. ಯಾಕೆ ತೆರೆಯಲಿಲ್ಲ ಎಂದು ಹುಡುಕಿ ಒಂದು ಪುಟ ಬರೆದು ಕಳಿಸಿದರೆ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.
– ಸಂ.