ಅಡಿಕೆ ತೋಟದಲ್ಲಿ ಜಿನ್ಸೆಂಗ್ ಬರುತ್ತಾ?

ಶಿರಸಿ ಕಡೆಯ ಅಡಿಕೆ ತೋಟದ ನೆರಳಲ್ಲಿ ಬೇರನ್ನು ಔಷಧಿಗೆ ಬಳಸುವ ಚೀನೀ ಜಿನ್ಸೆಂಗ್ ಬೆಳೆಯಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ಅದು ಈಶಾನ್ಯ ಚೀನಾದ ಜಿಲಿನ್ ಕಡೆಯ, ಹಿಮ ಬೀಳುವ ಕಾಡಿನ ಗಿಡ. ಚಳಿ ತಾಗದೆ ಬೀಜ ಮೊಳೆಯುವುದಿಲ್ಲ, ನಮ್ಮ ಮಳೆಗೆ ಬೇರು ಕೊಳೆಯುತ್ತದೆ. ಸುಮ್ನೆ ದುಡ್ಡು ಹಾಕಬೇಡಿ.

ಅಲ್ಲಿನವರು ಅದನ್ನು ಬೆಳೆಸುವ ಪದ್ಧತಿ ಮಾತ್ರ ನೋಡುವಂಥದ್ದು. ಮರಗಳ ಕೆಳಗೆ ಬಿತ್ತಿ, ಔಷಧಿ ಹೊಡೆಯದೆ ವರ್ಷಗಟ್ಟಲೆ ಬಿಡುತ್ತಾರೆ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದ್ದವರಿಗೆ ಇದೇನೂ ಹೊಸದಲ್ಲ, ಅಲ್ವಾ?

ಅದರ ಬದಲು ಹಿಪ್ಪಲಿ ಹಾಕಿ. ಚೀನೀ ವೈದ್ಯದಲ್ಲೂ ಅದು ಬಳಕೆಯಲ್ಲಿದೆ, ಅಡಿಕೆಯ ನೆರಳೂ ಅದಕ್ಕೆ ಒಗ್ಗುತ್ತದೆ. ಬಳ್ಳಿ ತುಂಡು ನೆಟ್ಟು, ಬುಡಕ್ಕೆ ಸೊಪ್ಪು, ಕೊಟ್ಟಿಗೆ ಗೊಬ್ಬರ ಕೊಡಿ. ನೀರು ನಿಲ್ಲಬಾರದು. ಕಾಯಿ ಬಲಿತು ಇನ್ನೂ ಹಸಿರಿದ್ದಾಗಲೇ ಕೊಯ್ದು ಒಣಗಿಸಿ. ತೋಟದ ಜೌಗು ಮೂಲೆಗೆ ಬಜೆ ಸಾಕು. ಕೊಳ್ಳುವವರು ಯಾರು ಅಂತ ನಾಟಿಗೆ ಮುಂಚೆಯೇ ವಿಚಾರಿಸಿ.