ಮಂತ್ರಿಗಳು ಕೊಟ್ಟ ಮಾತಿನ ಲೆಕ್ಕ ಯಾರ ಬಳಿ ಇದೆ?

ಈ ಸಲ ಬಂದ ಪತ್ರಗಳಲ್ಲಿ ಸಿಟ್ಟೇ ಸಿಟ್ಟು. ಆಳುವವರು ಸುಳ್ಳು ಹೇಳುತ್ತಾರೆ, ಕೇಳುವವರೇ ಇಲ್ಲ ಎಂಬುದೇ ಹೆಚ್ಚಿನವರ ಅಳಲು. ನಾನು ಶಾಸನಸಭೆಯೊಂದರಲ್ಲಿ ಶೀಘ್ರಲಿಪಿ ವರದಿಗಾರ್ತಿಯಾಗಿದ್ದವಳು. ಸದನದ ನಡುವಿನ ಮೇಜಿಗೆ ಕೂತು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದವರಿಗೆ ಸದಸ್ಯರ ಮುಖಕ್ಕಿಂತ ಮಾತೇ ಹೆಚ್ಚು ಪರಿಚಯ. ಗ್ಯಾಲರಿಯಲ್ಲಿ ಕೂತವರಿಗೆ ಇದೆಲ್ಲ ಬೇರೆ ಥರ ಕಂಡೀತು.

ಪ್ರಶ್ನೆ: ಮೇಡಂ, ಬಡವನೊಬ್ಬ ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದರೆ ಜೈಲು. ಮಂತ್ರಿ ಸದನದಲ್ಲಿ ನಿಂತು ಸುಳ್ಳು ಅಂಕಿ ಅಂಶ ಓದಿದರೆ ಏನೂ ಇಲ್ಲ. ಇದೆಂಥ ನ್ಯಾಯ?
— ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು

ಸದನದೊಳಗೆ ಆಡಿದ ಮಾತಿಗಾಗಿ ಯಾರನ್ನೂ ಕೋರ್ಟಿಗೆ ಎಳೆಯುವಂತಿಲ್ಲ ಮೇಷ್ಟ್ರೇ. ಸಂವಿಧಾನದ 194ನೇ ವಿಧಿ ಶಾಸಕರಿಗೆ, 105ನೇ ವಿಧಿ ಸಂಸದರಿಗೆ ಈ ರಕ್ಷಣೆ ಕೊಟ್ಟಿದೆ. ಸುಳ್ಳುಗಾರರ ಮೇಲಿನ ಕನಿಕರದಿಂದ ಕೊಟ್ಟದ್ದಲ್ಲ. ಆಳುವವರ ವಿರುದ್ಧ ಎದ್ದು ನಿಲ್ಲುವ ಸದಸ್ಯನ ಬಾಯಿಯನ್ನು ಮಾನನಷ್ಟ ಮೊಕದ್ದಮೆ ಹೂಡಿ ಮುಚ್ಚಿಸಬಾರದು ಎಂಬ ಕಾರಣಕ್ಕೆ ಕೊಟ್ಟದ್ದು. ದುಡ್ಡು ಈಸಿಕೊಂಡು ಸದನದಲ್ಲಿ ಮಾತಾಡಿದರೆ, ಮತ ಹಾಕಿದರೆ ಮಾತ್ರ ಈ ರಕ್ಷಣೆ ಸಿಗದು ಎಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು ತೀರ್ಪು ಕೊಟ್ಟಿತು. ಅದಕ್ಕೆ ಮುಂಚೆ, 1998ರಿಂದ, ಲಂಚ ತಿಂದು ಮತ ಹಾಕಿದವನಿಗೂ ಈ ಮರೆ ಇತ್ತು ಎಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬರೀ ಸುಳ್ಳಿಗೆ ಮದ್ದಿರುವುದು ಸದನದ ಕೈಯಲ್ಲೇ. ಅದರ ಹೆಸರು ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರೆಂಬ ದೂರು. ಮಂತ್ರಿ ತಪ್ಪು ಹೇಳಿದ್ದಷ್ಟೇ ಸಾಲದು, ತಪ್ಪೆಂದು ಗೊತ್ತಿದ್ದೂ ಬೇಕೆಂದೇ ಹೇಳಿದರು ಎಂದು ತೋರಿಸಬೇಕು. ‘ಅಧಿಕಾರಿಗಳು ಕೊಟ್ಟ ಮಾಹಿತಿಯನ್ನೇ ಓದಿದೆ’ ಎಂದುಬಿಟ್ಟರೆ ಮುಗಿಯಿತು. ಇಷ್ಟಾಗಿಯೂ ಕೊನೆಗೆ ತೀರ್ಮಾನಿಸುವುದು ಬಹುಮತ. ಬಹುಮತ ಯಾರದೋ ಮಂತ್ರಿಯೂ ಅವರವರೇ.

ಹಾಗಂತ ಇದು ಎಲ್ಲಿಯೂ ಆಗದ ಕೆಲಸವಲ್ಲ. ಬ್ರಿಟನ್ನಿನ ಯುದ್ಧಖಾತೆ ಮಂತ್ರಿ ಜಾನ್ ಪ್ರೊಫ್ಯೂಮೊ 1963ರ ಮಾರ್ಚಿನಲ್ಲಿ ಹೆಣ್ಣೊಬ್ಬಳ ಜೊತೆಗಿನ ಸಂಬಂಧದ ಬಗ್ಗೆ ಸದನಕ್ಕೆ ಸುಳ್ಳು ಹೇಳಿಕೆ ಕೊಟ್ಟು, ಜೂನ್ ಹೊತ್ತಿಗೆ ಒಪ್ಪಿಕೊಂಡು ಮನೆಗೆ ಹೋದರು. ಆ ಸಂಬಂಧಕ್ಕಿಂತ ಸದನವನ್ನು ದಾರಿ ತಪ್ಪಿಸಿದ್ದೇ ಅವರ ಕುರ್ಚಿಗೆ ಮುಳುವಾಯಿತು. ತೀರಾ ಈಚೆಗೆ, ಅಲ್ಲಿ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಪ್ರಸಂಗ ನೋಡಿ. ಕೋವಿಡ್ ನಿರ್ಬಂಧದ ಕಾಲದಲ್ಲಿ ತಮ್ಮ ಕಚೇರಿಯಲ್ಲಿ ನಡೆದ ಕೂಟಗಳ ಬಗ್ಗೆ ಅವರು ಬೇಕೆಂದೇ ಸದನದ ದಾರಿ ತಪ್ಪಿಸಿದರು ಎಂದು 2023ರ ಜೂನ್‌ನಲ್ಲಿ ಹಕ್ಕುಬಾಧ್ಯತಾ ಸಮಿತಿ ಹೇಳಿತು. ಸಮಿತಿಯ 7 ಜನರಲ್ಲಿ 4 ಜನ ಅವರದೇ ಪಕ್ಷದವರು! ವರದಿಯನ್ನು ಸದನ 354–7 ಮತಗಳಿಂದ ಒಪ್ಪಿತು. ಅಷ್ಟರೊಳಗೆ ಜಾನ್ಸನ್ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟಿದ್ದರಿಂದ 90 ದಿನಗಳ ಅಮಾನತಿನ ಶಿಫಾರಸು ಕಾಗದದಲ್ಲೇ ಉಳಿಯಿತು. ಅಲ್ಲಿಯವರೇನು ದೇವರಲ್ಲ. ಆದರೆ ಸ್ವಂತ ಪಕ್ಷದವನ ಸುಳ್ಳನ್ನು ಸುಳ್ಳೆಂದು ಬರೆದು ಸಹಿ ಹಾಕುವ ಸದಸ್ಯರು ಅಲ್ಲಿ ಸಿಕ್ಕರು. ನಮ್ಮಲ್ಲಿ ಕಾನೂನಿಗಿಂತ ದೊಡ್ಡ ಕೊರತೆ ಅದೇ.

ಪ್ರಶ್ನೆ: ಎಲ್ಲರೂ ಕಳ್ಳರೇ ಅಲ್ಲವೇ? ಯಾರನ್ನು ಆರಿಸಿದರೇನು?
— ಹೆಸರು ಬೇಡ ಎಂದವರು

ನಿಜವಾದ ಕಳ್ಳನಿಗೆ ನಿಮ್ಮ ಈ ಮಾತು ಬಹಳ ಹಿತ. ಗುಂಪಿನಲ್ಲಿ ನಿಂತವನನ್ನು ಹೆಸರು ಹಿಡಿದು ಕೂಗುವವರಿಲ್ಲವಲ್ಲ.

ಪ್ರಶ್ನೆ: ನಮ್ಮ ಕ್ಷೇತ್ರದ ಸೇತುವೆ ಬಗ್ಗೆ ಶಾಸಕರು ಕೇಳಿದ ಪ್ರಶ್ನೆಗೆ ‘ಪರಿಶೀಲನೆಯಲ್ಲಿದೆ’ ಎಂದು ಮಂತ್ರಿಗಳು ಉತ್ತರಿಸಿದರು. ಅಧಿವೇಶನ ಮುಗಿಯಿತು, ಮಾತೂ ಮುಗಿಯಿತು. ಅಕ್ಕಾ, ಹೀಗೆ ಕೊಟ್ಟ ಮಾತು ಆಮೇಲೆ ಎಲ್ಲಿ ಹೋಗುತ್ತದೆ?
— ರೈತ ಮಹಿಳೆಯೊಬ್ಬರು

ಇದಕ್ಕೆ ಉದ್ದಕ್ಕೇ ಉತ್ತರ ಬರೆಯುತ್ತೇನೆ ತಾಯಿ, ಏಕೆಂದರೆ ನಿಮಗೆ ಹಿಡಿತ ಸಿಗುವ ಜಾಗ ಇದೊಂದೇ.

ಮಂತ್ರಿ ಸದನದಲ್ಲಿ ಮಾತಾಡುತ್ತಿದ್ದಂತೆ ವರದಿಗಾರರು ಪಾಳಿಯ ಮೇಲೆ ಬರೆದುಕೊಳ್ಳುತ್ತಾರೆ. ಒಬ್ಬರ ಪಾಳಿ ಮುಗಿದರೆ ಇನ್ನೊಬ್ಬರು ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂರುತ್ತಾರೆ, ಮೊದಲಿನವರು ಎದ್ದು ಹೋಗಿ ಬರೆದದ್ದನ್ನು ಬೆರಳಚ್ಚು ಮಾಡುತ್ತಾರೆ. ಆ ಪ್ರತಿಯನ್ನು ಮಾತಾಡಿದವರೂ ನೋಡಬಹುದು. ವ್ಯಾಕರಣ, ಊರಿನ ಹೆಸರು, ಕೇಳಿಸದೆ ಬಿಟ್ಟುಹೋದ ಅಕ್ಷರ ತಿದ್ದಬಹುದು. ಅರ್ಥ ತಿದ್ದುವಂತಿಲ್ಲ. ಒಂದು ಸಂಜೆ ಮಂತ್ರಿಯೊಬ್ಬರ ಆಪ್ತ ಸಹಾಯಕ ನನ್ನ ಮೇಜಿನ ಬಳಿ ಬಂದು, ‘ಮಾರ್ಚ್ ಒಳಗೆ ಪೂರ್ಣಗೊಳಿಸುತ್ತೇವೆ’ ಎಂದಿದ್ದ ಕಡೆ ಬೆರಳಿಟ್ಟು, ‘ಇಲ್ಲಿ ಪೂರ್ಣಗೊಳಿಸಲು ಪ್ರಯತ್ನಿಸುತ್ತೇವೆ ಅಂತ ಮಾಡಿಬಿಡಿ ಮೇಡಂ, ಸಾಹೇಬರು ಹೇಳಿದ್ದು ಅದೇ’ ಎಂದರು. ಬಹಳ ವಿನಯವಂತ ಮನುಷ್ಯ, ದನಿ ಕೂಡ ಎತ್ತಲಿಲ್ಲ. ನಾನು ಧ್ವನಿಮುದ್ರಣ ಹಾಕಿಸಿ ಕೇಳಿಸಿದೆ. ‘ಪ್ರಯತ್ನ’ ಎಲ್ಲೂ ಇರಲಿಲ್ಲ. ಅವರು ನಕ್ಕು ಹೊರಟುಹೋದರು. ಆ ಒಂದು ಕ್ರಿಯಾಪದಕ್ಕಾಗಿ ಅಷ್ಟು ಹೊತ್ತಿನಲ್ಲಿ ಮೆಟ್ಟಿಲು ಹತ್ತಿ ಬಂದರಲ್ಲ, ಅದರ ಬೆಲೆ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಬೆಲೆ ಏನೆಂದರೆ, ಹಾಗೆ ದಾಖಲಾದ ಮಾತು ‘ಭರವಸೆ’ ಎಂಬ ಲೆಕ್ಕಕ್ಕೆ ಸೇರುತ್ತದೆ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಮ್ಮ ವಿಧಾನಮಂಡಲದಲ್ಲೂ ಇದೆ. ಮಂತ್ರಿಯ ಯಾವ ಯಾವ ಮಾತು ಭರವಸೆಯಾಗುತ್ತದೆ ಎಂಬ ಪಟ್ಟಿಯೇ ಲೋಕಸಭೆಯಲ್ಲಿದೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಿಸಿ ಸದನಕ್ಕೆ ತಿಳಿಸುತ್ತೇನೆ’, ‘ಗಮನ ಹರಿಸುತ್ತೇನೆ’, ಇವೆಲ್ಲ ಅದರಲ್ಲಿವೆ. ನೀವು ಜಾರಿಕೆಯ ಉತ್ತರ ಎಂದುಕೊಂಡಿರುವುದು ಆ ಪಟ್ಟಿಯ ಪ್ರಕಾರ ಕೊಟ್ಟ ಮಾತು! ಲೋಕಸಭೆಯಲ್ಲಿ ಅದನ್ನು ಈಡೇರಿಸಲು 3 ತಿಂಗಳ ಗಡುವು. ಆಗದಿದ್ದರೆ ಇಲಾಖೆ ಸಮಿತಿಯ ಮುಂದೆ ಕಾರಣ ಹೇಳಿ ಹೆಚ್ಚಿನ ಕಾಲಾವಕಾಶ ಬೇಡಬೇಕು. ಬೇಡುತ್ತಲೂ ಇರುತ್ತಾರೆ, ಮತ್ತೆ ಮತ್ತೆ. ಸಮಿತಿ ಬೈದು ವರದಿ ಕೊಡಬಹುದು, ತಲೆದಂಡ ಪಡೆಯಲಾಗದು. ಸಮಿತಿಯ ವರದಿ ಮಂಡನೆಯಾದ ದಿನ ಪತ್ರಕರ್ತರ ಸಾಲು ಖಾಲಿ ಹೊಡೆಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದೇ ದಿನ ಇಬ್ಬರು ಸದಸ್ಯರು ತೋಳೇರಿಸಿದ್ದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಈಗ ನೀವು ಮಾಡಬೇಕಾದ ಕೆಲಸ. ಮೊದಲು ನಿಮ್ಮ ಶಾಸಕರಿಂದ ಆ ಪ್ರಶ್ನೆಯ ಸಂಖ್ಯೆ, ಉತ್ತರಿಸಿದ ದಿನಾಂಕ ತೆಗೆದುಕೊಳ್ಳಿ. ಚುಕ್ಕೆ ಗುರುತಿನ ಪ್ರಶ್ನೆಯೋ ಚುಕ್ಕೆ ಗುರುತಿಲ್ಲದ್ದೋ ಕೇಳಿ. ಮೊದಲನೆಯದಕ್ಕೆ ಸದನದಲ್ಲಿ ಬಾಯಿಮಾತಿನ ಉತ್ತರ, ಎರಡನೆಯದಕ್ಕೆ ಬರೀ ಲಿಖಿತ ಉತ್ತರ. ಆಮೇಲೆ ಸಂಬಂಧಪಟ್ಟ ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ನಿಮಗೆ ಅಷ್ಟೂ ಬೇಕಾಗಿಲ್ಲ. ‘ಸೇತುವೆ ಯಾಕೆ ಕಟ್ಟಲಿಲ್ಲ’ ಎಂದು ಮಾತ್ರ ಕೇಳಬೇಡಿ. ಅದು ಮಾಹಿತಿಯಲ್ಲ, ಅಭಿಪ್ರಾಯ ಎಂದು ಹಿಂದಕ್ಕೆ ಕಳಿಸುತ್ತಾರೆ. ‘ಇಂಥ ದಿನಾಂಕದ ಇಂಥ ಸಂಖ್ಯೆಯ ಪ್ರಶ್ನೆಗೆ ಕೊಟ್ಟ ಉತ್ತರದ ನಂತರ ಕೈಗೊಂಡ ಕ್ರಮದ ಕಡತದಲ್ಲಿನ ಟಿಪ್ಪಣಿ ಪುಟಗಳ ನಕಲು ಕೊಡಿ’ ಎಂದು ಬರೆಯಿರಿ. 30 ದಿನ ಕಾಯಿರಿ. ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ನಂತರ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆ ಟಿಪ್ಪಣಿ ಪುಟದಲ್ಲಿ ಕಡತ ಯಾವ ಮೇಜಿನ ಮೇಲೆ, ಯಾವ ತಿಂಗಳಿಂದ ಮಲಗಿದೆ ಎಂದು ಸಹಿ ಸಮೇತ ಇರುತ್ತದೆ. ಅದನ್ನು ನಿಮ್ಮ ಶಾಸಕರ ಕೈಗೆ ಕೊಡಿ, ಪತ್ರಿಕೆಗೂ ಕೊಡಿ. ಭರವಸೆಗಳ ಸಮಿತಿಯ ಅಧ್ಯಕ್ಷರಿಗೂ ಒಂದು ಪ್ರತಿ ಅಂಚೆಗೆ ಹಾಕಿ.

ಪ್ರಶ್ನೆ: ಹಿಂದೆ ರೈಲು ಅಪಘಾತವಾದರೂ ಮಂತ್ರಿ ರಾಜೀನಾಮೆ ಕೊಡುತ್ತಿದ್ದರಂತೆ. ಆ ಕಾಲದ ಜನರೇ ಬೇರೆ ಇದ್ದರೇ?
— ಬ್ಯಾಂಕಿನಲ್ಲಿ ದುಡಿಯುವ ಒಬ್ಬರು

ಆಗ ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರೀಜಿ ಬೇರೆಯೇ, ಅನುಮಾನವಿಲ್ಲ. 1956ರಲ್ಲಿ ಮೆಹಬೂಬ್‌ನಗರದ ಅಪಘಾತವಾದಾಗಲೇ ರಾಜೀನಾಮೆ ಕೊಟ್ಟಿದ್ದರು, ನೆಹರೂ ಒಪ್ಪಲಿಲ್ಲ. ಅದೇ ನವೆಂಬರಿನಲ್ಲಿ ಅರಿಯಲೂರಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಆಗ ಬಿಟ್ಟೇಬಿಟ್ಟರು.

ಆದರೆ ಎಲ್ಲರೂ ಆತ್ಮಸಾಕ್ಷಿಯಿಂದಲೇ ಬಿಟ್ಟರು ಎಂದು ತಿಳಿಯಬೇಡಿ. ಮುಂದ್ರಾ ಹಗರಣವನ್ನು ನೋಡಿ. ಜೀವ ವಿಮಾ ನಿಗಮದ, ಅಂದರೆ ಪಾಲಿಸಿದಾರರ, ಕೋಟಿಗೂ ಮೀರಿದ ಹಣ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹೋಗಿತ್ತು. 1957ರ ಡಿಸೆಂಬರಿನಲ್ಲಿ ಅದನ್ನು ಲೋಕಸಭೆಯಲ್ಲಿ ಬಯಲಿಗೆಳೆದವರು ಫಿರೋಜ್ ಗಾಂಧಿ, ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ ಬೇರೆ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರು ಜನರೆದುರೇ ವಿಚಾರಣೆ ನಡೆಸಿ ವಾರಗಳಲ್ಲೇ ಮುಗಿಸಿದರು. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ತಮ್ಮ ಕಾರ್ಯದರ್ಶಿಯ ಕಡೆ ಕೈ ತೋರಿಸಿದರು. ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಹೊಣೆ ಎಂದು ಛಾಗ್ಲಾ ಬರೆದರು. 1958ರ ಫೆಬ್ರುವರಿಯಲ್ಲಿ ಮಂತ್ರಿ ಕುರ್ಚಿ ಬಿಟ್ಟರು.

ಈಗಿನ ವಿಚಾರಣಾ ಆಯೋಗಗಳಿಗೆ ಅವಧಿ ವಿಸ್ತರಣೆಯ ಮೇಲೆ ವಿಸ್ತರಣೆ. ವರದಿ ಬರುವ ಹೊತ್ತಿಗೆ ಆ ಸರ್ಕಾರವೇ ಇರುವುದಿಲ್ಲ. ಕರ್ನಾಟಕದಲ್ಲೂ ರಾಜೀನಾಮೆ ಕಂಡಿಲ್ಲವೆಂದಲ್ಲ. 1984ರ ಲೋಕಾಯುಕ್ತ ಕಾಯ್ದೆ ತಂದದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರ. ಅದೇ ಹೆಗಡೆಯವರು 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಆರೋಪದ ಮೇಲೆ ಮುಖ್ಯಮಂತ್ರಿ ಪದವಿ ಬಿಟ್ಟರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂದ ಕೆಲವೇ ದಿನಗಳಲ್ಲಿ ಆಗಿನ ಮುಖ್ಯಮಂತ್ರಿ ಇಳಿದರು. ಇದರ ನಂತರದ ಕಥೆಯೂ ಇದೆ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂಬ ಹೊಸ ಸಂಸ್ಥೆ ಕಟ್ಟಿ ಲೋಕಾಯುಕ್ತದ ಹಲ್ಲು ಕಿತ್ತರು. ಹೈಕೋರ್ಟ್ 2022ರ ಆಗಸ್ಟಿನಲ್ಲಿ ಆ ದಳವನ್ನೇ ರದ್ದು ಮಾಡಿದ ಮೇಲೆ ಹಲ್ಲು ಮರಳಿ ಬಂತು. ನಡುವೆ ಕಳೆದ ವರ್ಷಗಳಲ್ಲಿ ವಿರೋಧ ಪಕ್ಷದಲ್ಲಿದ್ದವರು ಲೋಕಾಯುಕ್ತ ಬಲಪಡಿಸುತ್ತೇವೆ ಎನ್ನುವುದು, ಕುರ್ಚಿಗೆ ಬಂದವರು ಪರಿಶೀಲಿಸುತ್ತೇವೆ ಎನ್ನುವುದು ನಡೆದೇ ಇತ್ತು.

ಪ್ರಶ್ನೆ: ಮೇಡಂ, ನಾನು ಮೊದಲ ಸಲ ಮತ ಹಾಕುವವನು. ಅಭ್ಯರ್ಥಿ ಅಫಿಡವಿಟ್ಟಿನಲ್ಲಿ ಆಸ್ತಿ ಮುಚ್ಚಿಟ್ಟರೆ ನಾನೇನು ಮಾಡಬಹುದು?
— ಪದವಿ ವಿದ್ಯಾರ್ಥಿ

ಒಳ್ಳೆಯದು ತಮ್ಮಾ, ಕೊನೆಗೂ ಒಬ್ಬ ದಾಖಲೆ ಕೇಳಿದ. ಸುಪ್ರೀಂ ಕೋರ್ಟ್ 2002ರ ಮೇ 2ರಂದು ಕೊಟ್ಟ ತೀರ್ಪಿನಿಂದ ಅಭ್ಯರ್ಥಿಯ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸ ನಮಗೆ ತಿಳಿಯುವಂತಾಯಿತು. ನಮೂನೆ 26ರಲ್ಲಿರುವ ಆ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಈ ಸಲದ್ದನ್ನೂ ಕಳೆದ ಸಲದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು. ಐದು ವರ್ಷದ ಹಿಂದೆ ಇದ್ದ ನಿವೇಶನ ಈಗ ಕಾಣೆಯಾಗಿದ್ದರೆ ಗುರುತು ಹಾಕಿಕೋ. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಗೆದ್ದವರ ಆಯ್ಕೆಯನ್ನೇ ಪ್ರಶ್ನಿಸಬೇಕೆಂದರೆ ಫಲಿತಾಂಶದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಆ ಕ್ಷೇತ್ರದ ಯಾವ ಮತದಾರನೂ ಹಾಕಬಹುದು. ವಕೀಲರ ಖರ್ಚು, ಅಲೆದಾಟ ಸಣ್ಣದಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಗೆದ್ದ ಮೇಲೂ ನಮ್ಮ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಸಲ್ಲಿಸಬೇಕು. ನಿಮ್ಮೂರಿನವರು ಗಡುವಿನೊಳಗೆ ಕೊಟ್ಟರೇ ಎಂದು ಅವರನ್ನೇ ಕೇಳು. ಸಭೆಯಲ್ಲಿ ಮೈಕ್ ಹಿಡಿದು ಕೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮಾತು ತಪ್ಪಿದವರನ್ನು ಐದು ವರ್ಷ ಕಾಯದೆ ವಾಪಸ್ ಕರೆಸುವ ಕಾನೂನು ಯಾಕಿಲ್ಲ?
— ಆಟೋ ಚಾಲಕರು

ಶಾಸಕರು, ಸಂಸದರ ಮಟ್ಟದಲ್ಲಿ ನಮ್ಮಲ್ಲಿಲ್ಲ. ಬ್ರಿಟನ್ನಿನಲ್ಲಿ 2015ರಲ್ಲಿ ಮಾಡಿದ ಕಾಯ್ದೆ ಇದೆ, ಅದೂ ಸುಮ್ಮನೆ ಸಿಟ್ಟು ಬಂದರೆ ಸಾಲದು; ಶಿಕ್ಷೆಯೋ ಅಮಾನತೋ ಆಗಿದ್ದರೆ ಮಾತ್ರ, ಕ್ಷೇತ್ರದ ಶೇಕಡಾ 10 ಮತದಾರರು ಸಹಿ ಹಾಕಿದರೆ ಸ್ಥಾನ ತೆರವು. ನಮ್ಮಲ್ಲಿ ಬಂದರೆ ಒಳ್ಳೆಯದೇ. ಆದರೆ ಸೋತವನು ದುಡ್ಡು ಚೆಲ್ಲಿ ಮರುದಿನವೇ ಸಹಿ ಸಂಗ್ರಹಕ್ಕೆ ಇಳಿಯದಂತೆ ಅಂಥದೇ ಒಂದು ಬೇಲಿ ಬೇಕು.

ಪ್ರಶ್ನೆ: ನಮ್ಮ ಭಾಗದ ಮಂತ್ರಿಗಳು ಸದನದಲ್ಲಿ ಹೇಳಿದ್ದನ್ನು ಈಗ ‘ನಾನು ಹಾಗೆ ಹೇಳೇ ಇಲ್ಲ, ಮಾಧ್ಯಮದವರು ತಿರುಚಿದರು’ ಎನ್ನುತ್ತಿದ್ದಾರೆ. ನಂಬುವುದು ಯಾರನ್ನು?
— ಗೃಹಿಣಿ

ಇಬ್ಬರನ್ನೂ ನಂಬಬೇಡಿ. ಸದನದ ಕಾರ್ಯಕಲಾಪದ ನಡವಳಿ ಅಚ್ಚಾಗಿ ಸಿಗುತ್ತದೆ, ಅಧಿವೇಶನದ ಪ್ರಶ್ನೋತ್ತರಗಳು ಜಾಲತಾಣದಲ್ಲೂ ಇರುತ್ತವೆ. ಕಡತದಿಂದ ತೆಗೆಸಿದ ಮಾತು ಮಾತ್ರ ಅದರಲ್ಲಿರುವುದಿಲ್ಲ, ಹಾಗೆ ತೆಗೆಸುವ ಅಧಿಕಾರ ಸಭಾಧ್ಯಕ್ಷರದು. ಮಂತ್ರಿಗಳದ್ದಲ್ಲ. ನಿಮ್ಮ ಪತ್ರದಲ್ಲಿ ಅವರು ಮಾತಾಡಿದ ದಿನಾಂಕ ಇಲ್ಲ. ಸರಿಯಾದ ದಿನ ನೆನಪಿಲ್ಲದಿದ್ದರೆ ಯಾವ ಅಧಿವೇಶನ, ಯಾವ ವಿಷಯದ ಚರ್ಚೆ ಎಂದಾದರೂ ಒಂದು ಕಾರ್ಡಿನಲ್ಲಿ ಬರೆದು ಹಾಕಿ. ನಡವಳಿಯಲ್ಲಿರುವ ಮಾತನ್ನು ಒಂದಕ್ಷರ ಬಿಡದೆ ಇದೇ ಪುಟದಲ್ಲಿ ಅಚ್ಚು ಹಾಕಿಸುತ್ತೇನೆ, ಆ ಸಂಚಿಕೆಯ ಒಂದು ಪ್ರತಿಯನ್ನು ಮಂತ್ರಿಗಳಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ.